‘ಮರಳಿ ಮಣ್ಣಿಗೆ’ಯಲ್ಲಿ ವಂಶ ಮತ್ತು ಮನೆ

ಶಿವರಾಮ ಕಾರಂತರ (1902–1997) ‘ಮರಳಿ ಮಣ್ಣಿಗೆ’ ಕಾದಂಬರಿಯು 1941ರಲ್ಲಿ ಪ್ರಕಟವಾಯಿತು. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹೊಳೆ. ಇವುಗಳ ನಡುವಣ ಕೋಡಿಯೇ ಅದರ ರಂಗಸ್ಥಳ. ಇದನ್ನು ಮೂರು ತಲೆಮಾರುಗಳ ಕಥೆಯೆಂದು ಕರೆಯುವುದು ವಾಡಿಕೆ. ರಾಮ ಐತಾಳ, ಮಗ ಲಚ್ಚ, ಮೊಮ್ಮಗ ರಾಮ ಎಂದು ಎಣಿಸುವಾಗ ತಲೆಮಾರೆಂದರೆ ಗಂಡಸರದೇ ಎಂಬುದು ಗೃಹೀತವಾಗಿರುತ್ತದೆ. ಈ ಎಣಿಕೆಯು ಕೃತಿಯ ಹಂದರಕ್ಕೆ ಒಪ್ಪುವುದಾದರೂ ಅದರ ಹುರುಳಿಗೆ ಒಪ್ಪುವುದಿಲ್ಲ. ವಂಶವು ಗಂಡಸರಿಂದ ಸಾಗಿದರೆ ಮನೆಯು ಹೆಂಗಸರಿಂದ ನಿಲ್ಲುತ್ತದೆ. ಇವೆರಡರ ನಡುವಣ ಅಂತರವೇ ಈ ಕಾದಂಬರಿಯ ಜೀವಾಳ.

ಐತಾಳನ ಪೌರೋಹಿತ್ಯವು ಅವನನ್ನು ಮನೆಯಿಂದ ಹೊರಕ್ಕೆ ಒಯ್ಯುತ್ತದೆ. ಗದ್ದೆಯ ಕೆಸರು, ದನಕರುಗಳ ಆರೈಕೆ, ನೀರು ಹೊತ್ತು ತಂದ ಸೌದೆಯನ್ನು ಹಿಡಿದು ಕೂಡಿಡುವ ಸಾಹಸ ಇವೆಲ್ಲವೂ ಹೆಂಡತಿ ಪಾರೋತಿಯ ಹಾಗೂ ವಿಧವೆಯಾದ ತಂಗಿ ಸರಸೋತಿಯ ಪಾಲಿನವು. ಒಬ್ಬಳಿಗೆ ಮಕ್ಕಳಿಲ್ಲ, ಇನ್ನೊಬ್ಬಳಿಗೆ ಗಂಡನಿಲ್ಲ. ಆದುದರಿಂದ ವಂಶದ ಲೆಕ್ಕದಲ್ಲಿ ಇಬ್ಬರೂ ಶೂನ್ಯ. ಮನೆಯ ಲೆಕ್ಕದಲ್ಲಿ ಇಬ್ಬರೇ ಆಧಾರ. ಸಂತಾನಕ್ಕಾಗಿ ಐತಾಳನು ಸತ್ಯಭಾಮೆಯನ್ನು ಮದುವೆಯಾದಾಗ ಈ ವಿರೋಧವು ಸ್ಫುಟವಾಗುತ್ತದೆ. ಬಂಜೆಯಾದವಳ ಮೇಲೆ ಎಂಟನೆಯ ವರ್ಷದಲ್ಲಿ ಇನ್ನೊಬ್ಬಳನ್ನು ತರಬಹುದೆಂದು ಮನುಸ್ಮೃತಿಯು ಹೇಳುತ್ತದೆ. ಮೊದಲ ಹೆಂಡತಿಯ ದುಡಿಮೆಗೆ ಅಲ್ಲಿ ಬೆಲೆಯಿಲ್ಲ. ಕಾರಂತರಾದರೋ ಸವತಿಯರ ಜಗಳವನ್ನು ರಂಜನೆಯ ವಸ್ತುವನ್ನಾಗಿಸದೆ, ದುಡಿದವಳಿಗೇ ನೆಲೆ ತಪ್ಪುವ ನೋವಿನ ಕಡೆಗೆ ದೃಷ್ಟಿಯನ್ನು ತಿರುಗಿಸಿದ್ದಾರೆ.

ಕೋಡಿಯ ಸುತ್ತಣ ನಾಡಿನ ರೂಢಿಯನ್ನು ನೆನೆದರೆ ಇದು ಮತ್ತಷ್ಟು ವಿಶದವಾಗುತ್ತದೆ. ಬಂಟರು, ಮೊಗವೀರರು ಮೊದಲಾದವರಲ್ಲಿ ಅಳಿಯಸಂತಾನವು ನಡೆದುಬಂದಿತ್ತು. ಅಲ್ಲಿ ಸಹೋದರಿಯ ಸಂತತಿಯೇ ಕುಟುಂಬದ ಬಳ್ಳಿ. ಆಡಳಿತವು ಬಹುಮಟ್ಟಿಗೆ ಗಂಡಸಾದ ಯಜಮಾನನ ಕೈಯಲ್ಲಿದ್ದರೂ ಹುಟ್ಟಿದ ಮನೆಯಲ್ಲಿ ಹೆಣ್ಣಿಗೆ ಹಕ್ಕಿತ್ತು. ಮಕ್ಕಳ ಸಂತಾನದ ಐತಾಳನ ಮನೆಯಲ್ಲಿ ಸರಸೋತಿಗೆ ಇರುವುದು ಅಣ್ಣನ ಆಶ್ರಯ ಮಾತ್ರ. ಅವಳ ಗಾಂಭೀರ್ಯಕ್ಕೆ ಎಲ್ಲರೂ ತಲೆಬಾಗುತ್ತಾರೆ. ಆದರೆ ಗೌರವವು ಹಕ್ಕಲ್ಲ.

ಮಗನ ನಡತೆಗೆ ಬೇಸತ್ತ ಐತಾಳನು ಸೊಸೆ ನಾಗವೇಣಿಯ ಹೆಸರಿಗೆ ಆಸ್ತಿಯನ್ನು ಬರೆಯುವುದು ಕಾದಂಬರಿಯ ದೊಡ್ಡ ತಿರುವು. ಮಗನನ್ನು ಬಯಸಿ ಎರಡನೆಯ ಮದುವೆಯಾದವನು ಕೊನೆಗೆ ನಂಬುವುದು ಮಗನನ್ನಲ್ಲ! ಆದರೆ ಲಚ್ಚನ ದೆಸೆಯಿಂದ ಆ ಆಸ್ತಿಯೂ ಕೈಬಿಡುತ್ತದೆ. 1937ರ ಕಾಯಿದೆಯು ಹಿಂದೂ ವಿಧವೆಗೆ ಗಂಡನ ಸ್ವತ್ತಿನಲ್ಲಿ ಜೀವಿತಾವಧಿಯ ಪರಿಮಿತ ಹಕ್ಕನ್ನಿತ್ತಿತು. ಪ್ರಾಂತ್ಯಗಳ ಕೃಷಿಭೂಮಿಗೆ ಅದು ಅನ್ವಯಿಸದೆಂದು 1941ರಲ್ಲಿಯೇ ಫೆಡರಲ್ ಕೋರ್ಟು ಹೇಳಿತು. ಕಾದಂಬರಿಯು ಹೊರಬಂದ ವರ್ಷವೂ ಅದೇ. ಹೆಣ್ಣು ದುಡಿದ ಮಣ್ಣು ಅವಳದಾಗಿ ಉಳಿಯದಿರುವುದು ಕೇವಲ ಕಥೆಯ ಸಂಗತಿಯಾಗಿರಲಿಲ್ಲ.

ಕೃತಿಯಲ್ಲಿ ಕೊರತೆಯಿಲ್ಲವೆಂದಲ್ಲ. ಸತ್ಯಭಾಮೆಗೆ ಸರಸೋತಿಗೆ ದೊರೆತಷ್ಟು ಅಂತರಂಗವು ದೊರೆತಿಲ್ಲ. ‘ಮರಳುವ’ ಕೀರ್ತಿಯು ಮೊಮ್ಮಗ ರಾಮನಿಗೆ ಸಲ್ಲುತ್ತದೆ. ಆದರೆ ಪಾರೋತಿ ಸರಸೋತಿಯರು ಮಣ್ಣಿಗೆ ಬೆನ್ನು ತಿರುಗಿಸಿದವರೇ ಅಲ್ಲ, ಮರಳುವುದೆಲ್ಲಿಂದ? ಈ ಹೆಂಗಸರನ್ನು ಸಹನೆಯ ಮೂರ್ತಿಗಳೆಂದು ತರಗತಿಗಳಲ್ಲಿ ಬಣ್ಣಿಸುವುದುಂಟು. ಸಹನೆಯನ್ನು ಗುಣವೆಂದಷ್ಟೇ ಕೊಂಡಾಡಿದರೆ, ಅದನ್ನು ಅನಿವಾರ್ಯವಾಗಿಸಿದ ಕಟ್ಟಳೆಯು ಕಣ್ಮರೆಯಾಗುತ್ತದೆ. ಕಾರಂತರು ಆ ಕಟ್ಟಳೆಯನ್ನು ದೂಷಿಸದೆ, ಅದರ ಲೆಕ್ಕವನ್ನು ಮಾತ್ರ ಓದುಗರ ಮುಂದಿಟ್ಟಿದ್ದಾರೆ. ಆ ಲೆಕ್ಕವನ್ನು ಓದಿಸುವುದೇ ಅಧ್ಯಾಪಕರ ಕೆಲಸ.