ನಕಲೆಂದು ಕರೆಯುವ ಮುನ್ನ

ಬೆಂಗಳೂರು ಅರಮನೆಯ ಬಗ್ಗೆ ಬರೆಯುವವರು ಮೊದಲ ಸಾಲಿನಲ್ಲೇ ‘ವಿಂಡ್ಸರ್ ಕೋಟೆಯ ನಕಲು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನನ್ನ ತಕರಾರು ಈ ಮಾತಿನ ಬಗ್ಗೆಯೇ. ನಾವು ಟಿ. ದಾಸರಹಳ್ಳಿಯವರಿಗೆ ಅರಮನೆ ಎಂದರೆ ಮದುವೆ, ವಸ್ತುಪ್ರದರ್ಶನಗಳ ಮೈದಾನ. ಯಶವಂತಪುರ ದಾಟಿ ಮೇಖ್ರಿ ವೃತ್ತದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ನೆನಪಾಗುವ ಜಾಗ. ಅಲ್ಲೊಂದು ಮನೆಯಿದೆ, ಅದನ್ನು ಪುಸ್ತಕದಂತೆ ಓದಬಹುದು ಎಂಬುದನ್ನು ‘ನಕಲು’ ಎಂಬ ಪದ ಮರೆಸಿಬಿಟ್ಟಿದೆ.

ಅದು ಮೊದಲು ಒಬ್ಬ ಮೇಷ್ಟರ ಸ್ವತ್ತು. ಸೆಂಟ್ರಲ್ ಹೈಸ್ಕೂಲಿನ, ಅಂದರೆ ಮುಂದೆ ಸೆಂಟ್ರಲ್ ಕಾಲೇಜಾದ ಶಾಲೆಯ, ಮೊದಲ ಪ್ರಿನ್ಸಿಪಾಲ್ ರೆವರೆಂಡ್ ಜೆ. ಗ್ಯಾರೆಟ್ ಅದರ ಒಡೆಯರು. 1849ರಲ್ಲಿ ಇದೇ ಊರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಒಟ್ಟಿಗೆ ಅಚ್ಚು ಮಾಡಿಸಿದವರು ಅವರು. ಬಾಲಕ ಚಾಮರಾಜೇಂದ್ರ ಒಡೆಯರಿಗಾಗಿ ಬ್ರಿಟಿಷ್ ಪೋಷಕರು 1873ರಲ್ಲಿ 40,000 ರೂಪಾಯಿಗೆ ಅವರ ಸ್ವತ್ತನ್ನು ಕೊಂಡರು. 1878ರ ಹೊತ್ತಿಗೆ ಗೋಪುರ, ತೆನೆಗಳುಳ್ಳ ಟ್ಯೂಡರ್ ಅರಮನೆ ಸಿದ್ಧವಾಯಿತು. ಮೈಸೂರಿನ ಆಡಳಿತ ಒಡೆಯರಿಗೆ ಮರಳಿದ್ದು 1881ರಲ್ಲಿ. ಅಂದರೆ ಕೋಟೆ ಮೊದಲು ಬಂತು, ರಾಜ್ಯ ಆಮೇಲೆ!

ಕಾಳಗವಿಲ್ಲದ ಕೋಟೆ ಕಟ್ಟುವ ಚಟ ಆ ಶತಮಾನದ್ದು. ಕಾದಂಬರಿಕಾರ ವಾಲ್ಟರ್ ಸ್ಕಾಟ್ 1811ರಲ್ಲಿ ಸ್ಕಾಟ್ಲೆಂಡಿನ ಟ್ವೀಡ್ ನದಿಯ ದಂಡೆಯಲ್ಲಿ ಒಂದು ಹೊಲಮನೆ ಕೊಂಡು, 1824ರ ಹೊತ್ತಿಗೆ ಅದನ್ನು ಆಬಟ್ಸ್‌ಫರ್ಡ್ ಎಂಬ ಪುಟ್ಟ ಕೋಟೆಯನ್ನಾಗಿಸಿದ. ಎಡಿನ್‌ಬರೋದ ಹಳೆಯ ಸೆರೆಮನೆಯ ಬಾಗಿಲನ್ನೂ ತಂದು ಗೋಡೆಗೆ ಕೂರಿಸಿದ. ಅದೂ ವೇಷವೇ, ಆದರೆ ತನ್ನ ಅಜ್ಜಂದಿರ ವೇಷ. ನಮ್ಮ ಅರಸು ಮಗುವಿಗೆ ತೊಡಿಸಿದ್ದು ಆಳುವವರ ಅಜ್ಜಂದಿರ ಅಂಗಿ. ಹೊರಗೆ ನಿಂತು ನೋಡಿದರೆ ನನಗೆ ಈ ವ್ಯತ್ಯಾಸ ಈಗಲೂ ಚುಚ್ಚುತ್ತದೆ.

ಒಳಗೆ ಹೋದರೆ ಮಾತು ಬೇರೆ. ನೆಲ ಅಂತಸ್ತಿನ ನಡುವೆ ಆಕಾಶಕ್ಕೆ ತೆರೆದ ಅಂಗಳ. ಅಲ್ಲಿ ಹೊಳೆಯುವ ನೀಲಿ ಪಿಂಗಾಣಿ ಬಿಲ್ಲೆ ಹೊದಿಸಿದ ಕಲ್ಲಿನ ಆಸನಗಳು. ಹೊರಗಿನ ಟ್ಯೂಡರ್ ಇಲ್ಲಿ ಸುಮ್ಮನಾಗುತ್ತದೆ. ತೊಟ್ಟಿಮನೆಯಲ್ಲಿ ಬೆಳೆದವರು ಯಾರ ಅಪ್ಪಣೆಯೂ ಇಲ್ಲದೆ ಇಲ್ಲಿ ಕೂತುಬಿಡಬಲ್ಲರು. ಯಾರು ಏನೆಂದುಕೊಂಡು ಕಟ್ಟಿಸಿದರೋ, ನಾನಂತೂ ಇದನ್ನು ತೊಟ್ಟಿಯೆಂದೇ ಓದುತ್ತೇನೆ. ಗ್ಯಾರೆಟ್ಟರ ಗೀತೆಯಲ್ಲಿ ಮೂರು ನುಡಿಗಳು ಒಂದನ್ನೊಂದು ನುಂಗದೆ ಇದ್ದ ಹಾಗೆ, ಇಲ್ಲಿ ಎರಡು ಮನೆಗಳು ಒಂದೇ ಗೋಡೆಯೊಳಗಿವೆ.

ಮೇಲಿನ ದರ್ಬಾರ್ ಹಾಲ್ ನನಗೆ ಹಿಡಿಸುವುದಿಲ್ಲ. ಬಣ್ಣದ ಗಾಜಿನ ಕಿಟಕಿ, ಆನೆಯ ತಲೆ, ಚಿತ್ರಗಳ ಸಂತೆ: ವಿಶೇಷಣ ಹೆಚ್ಚಾದ ಗದ್ಯದಂತೆ. ಅಲ್ಲಿ ಗಮನಿಸಬೇಕಾದದ್ದು ಒಂದು ಬದಿಯ ಮರೆ. ಹೆಂಗಸರು ಅದರ ಹಿಂದೆ ಕೂತು ಸಭೆ ನೋಡುತ್ತಿದ್ದರು. ಟ್ಯೂಡರ್ ಹೊರಮೈಯೊಳಗೆ ಮೈಸೂರಿನ ಅಂತಃಪುರವೂ ಬಂದು ಸೇರಿಕೊಂಡಿತ್ತು.

1996ರಲ್ಲಿ ಸರ್ಕಾರ ಸ್ವಾಧೀನದ ಕಾಯ್ದೆ ಮಾಡಿದ ಮೇಲೆ ಅರಮನೆಯ ಸುದ್ದಿಯೆಂದರೆ ಕೋರ್ಟು, ಎಕರೆ, ಪರಿಹಾರ. ಸುಮಾರು 450 ಎಕರೆಯ ಬೆಲೆ ಎಲ್ಲರ ಬಾಯಲ್ಲೂ ಇದೆ. ಆ ನೀಲಿ ಆಸನಗಳ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಪ್ಯಾರಾ ಓದಲು ನಾನಿನ್ನೂ ಕಾಯುತ್ತಿದ್ದೇನೆ.