ಬಿದ್ದ ಕಂಬಳಿ, ಹೊಲಿಸಿದ ಉಡುಪು: ಎರಡು ಸ್ಪೈಡರ್-ಮ್ಯಾನ್ ಕಥೆಗಳಲ್ಲಿ ಉತ್ತರಾಧಿಕಾರದ ಪ್ರಶ್ನೆ

ಜಯನಗರದ ಒಂದು ಸಭೆಯಲ್ಲಿ ದೃಢೀಕರಣದ ಸಿದ್ಧತಾ ತರಗತಿ ನಡೆಸುತ್ತಿದ್ದೆನು. ಅಂದಿನ ಪಾಠ 2 ಅರಸುಗಳು, ಎರಡನೆಯ ಅಧ್ಯಾಯ. ಎಲೀಯನು ಪರಲೋಕಕ್ಕೆ ಏರಿಹೋದದ್ದನ್ನೂ ಅವನ ಮೈಮೇಲಿಂದ ಬಿದ್ದ ಕಂಬಳಿಯನ್ನು ಎಲೀಷನು ಎತ್ತಿಕೊಂಡದ್ದನ್ನೂ ವಿವರಿಸುತ್ತಿರುವಾಗ, ಹದಿನೈದು ವರ್ಷದ ಹುಡುಗನೊಬ್ಬನು ಕೇಳಿದನು: “ಅಯ್ಯನವರೇ, ಅದು ಅವನಿಗೇ ಸಲ್ಲಬೇಕಾಗಿತ್ತು ಅಂತ ಹೇಗೆ ಗೊತ್ತು? ಮೈಲ್ಸ್‌ಗೆ ಸಲ್ಲಬೇಕಾಗಿರಲಿಲ್ಲವಲ್ಲ?” ಉಳಿದ ಮಕ್ಕಳು ನಕ್ಕರು. ನನಗೆ ಮಾತ್ರ ಆ ಪ್ರಶ್ನೆ ತಳ್ಳಿಹಾಕುವಂಥದ್ದೆಂದು ತೋರಲಿಲ್ಲ. ಅವನು ಹೇಳುತ್ತಿದ್ದುದು 2023ರಲ್ಲಿ ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಲ್ಲಿ ಬಿಡುಗಡೆಯಾದ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ಚಿತ್ರದ ನಾಯಕನನ್ನು ಕುರಿತು. ಉತ್ತರಾಧಿಕಾರವು ಸಲ್ಲುವುದೆಂದರೇನು ಎಂಬ ಹುಡುಗನ ಪ್ರಶ್ನೆ ದೇವಶಾಸ್ತ್ರದ್ದೇ ಆಗಿದೆ.

ಮೈಲ್ಸ್ ಮೊರಾಲೆಸ್ ಮೊದಲು ಕಾಣಿಸಿಕೊಂಡದ್ದು 2011ರ ಕಾಮಿಕ್ಸ್‌ನಲ್ಲಿ. ಬ್ರಯನ್ ಮೈಕೆಲ್ ಬೆಂಡಿಸ್ ಬರೆದು ಸಾರಾ ಪಿಕೆಲ್ಲಿ ಚಿತ್ರಿಸಿದ ಆ ಕಥೆಯಲ್ಲಿ ಅವನು ಬ್ರೂಕ್ಲಿನ್ನಿನ ಹದಿಮೂರು ವರ್ಷದ ಬಾಲಕ. ತಂದೆ ಕರಿಯ ಅಮೆರಿಕನ್, ತಾಯಿ ಪೋರ್ಟೊರಿಕೊ ಮೂಲದವಳು. ಒಳ್ಳೆಯ ಶಾಲೆಯಲ್ಲಿ ಅವನಿಗೆ ಸ್ಥಾನ ದೊರೆಯುವುದು ಲಾಟರಿಯಿಂದ. ಯೂದನ ಸ್ಥಾನಕ್ಕೆ ಮತ್ತೀಯನು ಚೀಟಿಯಿಂದ ಆಯ್ಕೆಯಾದದ್ದು ನೆನಪಾಗದಿರದು. ಜೇಡವೊಂದು ಕಚ್ಚಿ ಶಕ್ತಿ ಬಂದಾಗ ಅವನು ಸಂತೋಷಪಡದೆ ಅದನ್ನು ಬಚ್ಚಿಡುತ್ತಾನೆ. ಅಷ್ಟರಲ್ಲಿ ಹಿಂದಿನ ಸ್ಪೈಡರ್-ಮ್ಯಾನ್ ಆದ ಪೀಟರ್ ಪಾರ್ಕರ್ ಹೋರಾಡುತ್ತಾ ಸಾಯುತ್ತಾನೆ. ತಾನು ಅಡಗಿಕೊಳ್ಳದೆ ಇದ್ದಿದ್ದರೆ ಅವನು ಉಳಿಯುತ್ತಿದ್ದನೇನೋ ಎಂಬ ಕೊರಗೇ ಮೈಲ್ಸ್‌ಗೆ ಕರೆಯಾಗುತ್ತದೆ. ಅವನು ಆ ಉಡುಪು ತೊಟ್ಟು ಹೊರಬಂದಾಗ ಊರಿನವರಿಗೆ ಅದು ಸತ್ತವನಿಗೆ ಮಾಡಿದ ಅಗೌರವವಾಗಿ ಕಾಣುತ್ತದೆ.

ಇಲ್ಲಿ ಎಲೀಷನ ಕಥೆಯನ್ನು ಮೆಲ್ಲಗೆ ಓದಬೇಕು. ನಮ್ಮ ಸತ್ಯವೇದದ ಅನುವಾದಕರು ಆ ಹೊದಿಕೆಯನ್ನು ನಿಲುವಂಗಿಯೆಂದಾಗಲಿ ಶಾಲೆಂದಾಗಲಿ ಕರೆಯದೆ ಕಂಬಳಿಯೆಂದದ್ದು ನನಗೆ ಬಹಳ ಇಷ್ಟ. ಕಂಬಳಿ ಅಧಿಕಾರದ ಲಾಂಛನವಲ್ಲ. ಕುರುಬನು ಮಳೆಯಲ್ಲಿ ಹೊದೆಯುವ, ರಾತ್ರಿ ಹಾಸುವ ವಸ್ತು. ಅದು ಎಲೀಷನ ಮೇಲೆ ಮೊದಲು ಬಿದ್ದದ್ದು ಅವನು ಹನ್ನೆರಡನೆಯ ಜೋಡಿ ಎತ್ತುಗಳೊಡನೆ ಉಳುತ್ತಿದ್ದಾಗ. ಆಗ ಅವನು ಎತ್ತುಗಳನ್ನು ಕೊಯ್ದು, ನೊಗದ ಕಟ್ಟಿಗೆಯಿಂದಲೇ ಬೇಯಿಸಿ ಜನರಿಗೆ ಬಡಿಸಿ ಹೊರಟನು. ವರ್ಷಗಳ ಬಳಿಕ ಗುರುವು ಕಣ್ಮರೆಯಾದಾಗ ಅವನು ಮೊದಲು ಮಾಡಿದ್ದು ಕಂಬಳಿಯನ್ನು ಎತ್ತಿಕೊಳ್ಳುವ ಕೆಲಸವನ್ನಲ್ಲ. ತನ್ನ ಸ್ವಂತ ಬಟ್ಟೆಯನ್ನು ಹಿಡಿದು ಎರಡು ತುಂಡಾಗಿ ಹರಿದನು. ಅವನಿಗೆ ಬಂದ ಸ್ವಾಗತವಾದರೂ ಎಂಥದು! ಐವತ್ತು ಮಂದಿ ಮೂರು ದಿನ ಹಳೆಯ ಪ್ರವಾದಿಯನ್ನೇ ಹುಡುಕಿದರು. ಊರ ಹುಡುಗರು ಹೊಸ ಪ್ರವಾದಿಯ ಬೋಳುತಲೆಯನ್ನು ಹಾಸ್ಯಮಾಡಿದರು. ಬೆಂಡಿಸ್ ಈ ಅಧ್ಯಾಯವನ್ನು ಮನಸ್ಸಿನಲ್ಲಿಟ್ಟುಕೊಂಡನೆಂದು ನಾನು ಹೇಳಲಾರೆ. ಆದರೆ ಉತ್ತರಾಧಿಕಾರಿಯ ದುಃಖ, ಜನರ ಅಪನಂಬಿಕೆ, ತನ್ನದನ್ನು ಹರಿದುಕೊಂಡ ಮೇಲೆ ಮಾತ್ರ ಇನ್ನೊಬ್ಬನದನ್ನು ಹೊದೆಯಬಹುದೆಂಬ ಕ್ರಮ, ಈ ಮೂರನ್ನೂ ಅವನ ಕಥೆ ಬಲ್ಲುದು.

ಇದಕ್ಕೆ ಎದುರಾಗಿ ಇಡಬೇಕಾದ ಕೃತಿ ನಮ್ಮ ಊರಿನೊಡನೆ ನಂಟುಳ್ಳದ್ದೇ. 2004ರಲ್ಲಿ ಗೋಥಮ್ ಸಂಸ್ಥೆಯು ಮಾರ್ವೆಲ್‌ನ ಒಪ್ಪಿಗೆಯೊಡನೆ ‘ಸ್ಪೈಡರ್-ಮ್ಯಾನ್: ಇಂಡಿಯಾ’ ಎಂಬ ನಾಲ್ಕು ಸಂಚಿಕೆಗಳ ಕಥೆಯನ್ನು ಹೊರತಂದಿತು. ಶರದ್ ದೇವರಾಜನ್ ಮತ್ತು ಸುರೇಶ್ ಸೀತಾರಾಮನ್ ಅವರ ಜೊತೆ ಅದನ್ನು ರೂಪಿಸಿ ಚಿತ್ರಿಸಿದವರು ಬೆಂಗಳೂರಿನ ಕಲಾವಿದ ಜೀವನ್ ಕಾಂಗ್. ಹಳ್ಳಿಯಿಂದ ಮುಂಬಯಿಗೆ ಬಂದ ಪವಿತ್ರ್ ಪ್ರಭಾಕರನಿಗೆ ಶಕ್ತಿ ದೊರೆಯುವುದು ಒಬ್ಬ ಯೋಗಿಯ ಅನುಗ್ರಹದಿಂದ, ಉಡುಪಿನ ಕೆಳಭಾಗ ಧೋತಿ, ವೈರಿ ರಾಕ್ಷಸರೂಪಿ. ಚಿತ್ರಗಳು ಅಂದವಾಗಿವೆ. ಹಲ್ಲೆಗೊಳಗಾದ ಹೆಂಗಸನ್ನು ಕಂಡೂ ಪವಿತ್ರ್ ಮುಂದೆ ಸಾಗಿ, ಅವಳ ನೆರವಿಗೆ ಹೋದ ಭೀಮ್ ಚಿಕ್ಕಪ್ಪ ಕೊಲೆಯಾಗುವ ಘಟನೆ ನಿಜಕ್ಕೂ ತಟ್ಟುತ್ತದೆ. ಆದರೂ ಒಂದು ಕೊರತೆ ಉಳಿಯುತ್ತದೆ. ಪವಿತ್ರ್‌ನಿಗೆ ಪೂರ್ವಾಧಿಕಾರಿಯೇ ಇಲ್ಲ. ಪೀಟರ್ ಪಾರ್ಕರನ ಹೆಸರು, ಜೇಡದ ಗುರುತು, ಚಿಕ್ಕಪ್ಪನ ಸಾವು ಎಲ್ಲವೂ ಅವನಿಗೆ ಬಂದಿವೆ, ಪೀಟರನೆಂಬವನು ಮಾತ್ರ ಅವನ ಲೋಕದಲ್ಲಿ ಹುಟ್ಟಿಯೇ ಇಲ್ಲ. ಹೀಗಾಗಿ ಯಾರಿಗಾಗಿಯೂ ಬಟ್ಟೆ ಹರಿದುಕೊಳ್ಳುವ ಅಗತ್ಯ ಅವನಿಗಿಲ್ಲ. ಕಂಬಳಿ ಬಿದ್ದದ್ದಲ್ಲ, ಅಳತೆ ಕೊಟ್ಟು ಹೊಲಿಸಿದ್ದು.

ಸುವಾರ್ತೆಯ ದೇಶೀಕರಣದ ಬಗ್ಗೆ ಮಾತಾಡುವ ನಮಗೆ ಇದು ಪರಿಚಿತ ಅಪಾಯ. ಕ್ರಿಸ್ತನ ಚಿತ್ರಕ್ಕೆ ಕಾವಿ ಉಡಿಸಿ ಕೆಲಸ ಮುಗಿಯಿತೆಂದುಕೊಳ್ಳುವವರು ನಮ್ಮಲ್ಲೂ ಇದ್ದಾರೆ. 1862ರಲ್ಲಿ ‘ಕಥಾಮಾಲೆ’ಯನ್ನು ರಚಿಸಿದ ಕಿಟ್ಟೆಲರು ಕ್ರಿಸ್ತಚರಿತ್ರೆಗೆ ಈ ನೆಲದ ಉಡುಪನ್ನಲ್ಲ, ಛಂದಸ್ಸನ್ನು ಕೊಟ್ಟರು, ಛಂದಸ್ಸು ಬದಲಾದರೆ ಉಸಿರಾಟವೇ ಬದಲಾಗುತ್ತದೆ.

ಮೂಲ ಪ್ರಕಾಶಕರನ್ನೂ ಬಿಡುವಂತಿಲ್ಲ. ಮಾರುಕಟ್ಟೆಗೆ ಸತ್ತವರನ್ನು ಸತ್ತವರಾಗಿಯೇ ಬಿಡಲು ಮನಸ್ಸಾಗದು. ಮೈಲ್ಸ್‌ನ ಲೋಕದ ಪೀಟರನನ್ನು 2014ರಲ್ಲಿ ಮರಳಿ ತಂದರು. ಅದನ್ನು ಪುನರುತ್ಥಾನವೆಂದು ಹೇಗೆ ಕರೆಯೋಣ? ಗಾಯದ ಗುರುತುಗಳಿಲ್ಲದ ಮರಳಿಕೆ ಅದು.

ಹುಡುಗನ ಪ್ರಶ್ನೆಗೆ ನೇರ ಸಂಬಂಧವಿರುವುದು ಆಮೇಲಿನ ಚಿತ್ರಕ್ಕೆ. ಅಲ್ಲಿ ಪವಿತ್ರ್ ಮೈಲ್ಸ್ ಇಬ್ಬರೂ ಭೇಟಿಯಾಗುತ್ತಾರೆ. ಪ್ರತಿಯೊಬ್ಬ ಸ್ಪೈಡರ್-ಮ್ಯಾನ್‌ನ ಬದುಕಿನಲ್ಲೂ ಕೆಲವು ಘಟನೆಗಳು ನಡೆಯಲೇಬೇಕು, ಪ್ರಿಯರು ಸಾಯಲೇಬೇಕು ಎಂಬುದು ಅವರ ಮುಖಂಡನಾದ ಮಿಗೆಲನ ವಾದ. ಆ ಘಟನೆಗಳಿಗೆ ಚಿತ್ರ ಕೊಡುವ ಹೆಸರು ‘ಕ್ಯಾನನ್’; ಗ್ರಂಥಾಂಗೀಕಾರದ ಚರಿತ್ರೆ ಓದಿದ ನಮ್ಮ ವಿದ್ಯಾರ್ಥಿಗಳಿಗೆ ಆ ಪದ ಚಿರಪರಿಚಿತ. ಪವಿತ್ರ್‌ನ ಗೆಳತಿಯ ತಂದೆಯನ್ನು ಮೈಲ್ಸ್ ಬದುಕಿಸಿ ಆ ನಿಯಮವನ್ನು ಮುರಿಯುತ್ತಾನೆ. ಆಗ ಮಿಗೆಲ್ ಬಯಲು ಮಾಡುವ ಸತ್ಯ ಕ್ರೂರವಾದದ್ದು: ಮೈಲ್ಸ್‌ನನ್ನು ಕಚ್ಚಿದ ಜೇಡ ಬೇರೊಂದು ಲೋಕದ್ದು, ಅವನು ಸ್ಪೈಡರ್-ಮ್ಯಾನ್ ಆಗಬೇಕಾದವನೇ ಅಲ್ಲ.

ಈ ಮಾತನ್ನು ಕೇಳಿದಾಗ ನನಗೆ ನೆನಪಾದದ್ದು ರೋಮಾಪುರದವರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯ. ಅಬ್ರಹಾಮನ ವಂಶದವರಲ್ಲದ ನಾವು ಕಸಿಕಟ್ಟಲ್ಪಟ್ಟ ಕಾಡು ಎಣ್ಣೆಮರದ ಕೊಂಬೆಗಳು. ಪೌಲನ ಮಾತಿನಂತೆ ಇದು ಸ್ವಭಾವಕ್ಕೆ ವಿರುದ್ಧವಾದ ಕಸಿ. ಸಲ್ಲಬೇಕಾದದ್ದರಿಂದ ದೊರೆತದ್ದಲ್ಲ, ಕೃಪೆ. ಇದನ್ನೇ ನಾನು ಹುಡುಗನಿಗೆ ಹೇಳಿದೆ, ಅವನಿಗೆ ಸಮಾಧಾನವಾದಂತೆ ಕಂಡಿತು.

ಆದರೆ ಅಂದು ನಾನು ಅರ್ಧವನ್ನೇ ಹೇಳಿದ್ದೆ. ಪೌಲನು ಅಲ್ಲಿಗೆ ನಿಲ್ಲಿಸುವುದಿಲ್ಲ. ಮುರಿದುಬಿದ್ದ ಕೊಂಬೆಗಳ ಮುಂದೆ ಹೆಚ್ಚಳಪಡಬೇಡವೆಂದು ಎಚ್ಚರಿಸುತ್ತಾನೆ. ಚಿತ್ರವೂ ಅಲ್ಲಿಗೇ ಹೋಗುತ್ತದೆ. ಮನೆಗೆ ಮರಳಿದೆನೆಂದು ತಿಳಿದ ಮೈಲ್ಸ್ ತಾಯಿಗೆ ತನ್ನ ಗುಟ್ಟನ್ನು ಹೇಳಿದಾಗ ಅವಳಿಗೆ ಸ್ಪೈಡರ್-ಮ್ಯಾನ್ ಎಂಬ ಹೆಸರೇ ಗೊತ್ತಿಲ್ಲ. ಅವನು ಬಂದಿಳಿದದ್ದು ಆ ಜೇಡ ಹೊರಟುಹೋದ ಲೋಕಕ್ಕೆ. ಅಲ್ಲಿ ಅವನ ತಂದೆ ಸತ್ತಿದ್ದಾನೆ, ಊರು ಹಾಳುಬಿದ್ದಿದೆ, ಮತ್ತು ಶಕ್ತಿ ದೊರೆಯದೆ ಉಳಿದ ಇನ್ನೊಬ್ಬ ಮೈಲ್ಸ್ ಅವನ ಎದುರಿಗೆ ನಿಂತಿದ್ದಾನೆ.