ಬೈಗುಳದ ಭಾಷೆ ಮತ್ತು ಪಾವ್ಲೊವ್‌ನ ನಾಯಿ

ನ್ಯೂಜೆರ್ಸಿಗೆ ಬಂದ ಏಳನೆಯ ವರ್ಷ. ಒಂದು ಸಂಜೆ ಮಗಳಿಗೆ, "ಪುಟ್ಟಿ, ಶೂ ಒಳಗಿಡು" ಎಂದೆ. ದನಿಯನ್ನೇನೂ ಏರಿಸಿರಲಿಲ್ಲ. ಆದರೂ ಆರು ವರ್ಷದ ಮಗು ಭುಜ ಕುಗ್ಗಿಸಿಕೊಂಡು, "ಆರ್ ಯೂ ಮ್ಯಾಡ್ ಅಟ್ ಮಿ?" ಎಂದು ಕೇಳಿತು. ನನಗೆ ಆಗಲೇ ಹೊಳೆದದ್ದು: ನಮ್ಮ ಮನೆಯಲ್ಲಿ ಊಟ, ಆಟ, ಹೋಂವರ್ಕ್, ಮುದ್ದು ಎಲ್ಲವೂ ಇಂಗ್ಲಿಷಿಗೆ ಜಾರಿದ್ದವು. ಕೋಪ ಬಂದಾಗ ಮಾತ್ರ ನನ್ನ ಬಾಯಿಗೆ ಕನ್ನಡ ಬರುತ್ತಿತ್ತು.

ಮೈಸೂರಿನಲ್ಲಿ ಬಿ.ಎಡ್. ಓದುವಾಗ 'ಶಾಸ್ತ್ರೀಯ ಅನುಬಂಧನ'ದ ಪಾಠವನ್ನು ಉರು ಹೊಡೆದಿದ್ದೆ. ಗಂಟೆ, ಆಹಾರ, ನಾಯಿಯ ಜೊಲ್ಲು. ಪರೀಕ್ಷೆಗೆ ಅಷ್ಟು ಸಾಕಿತ್ತು. ನನ್ನ ಮನೆಯಲ್ಲಿ ಕನ್ನಡವೇ ಆ ಗಂಟೆಯಾಗಿದೆ ಎಂದು ತಿಳಿದ ಮೇಲೆ ಪಾಠವನ್ನು ಮತ್ತೆ ತೆರೆದೆ. ಈ ಸಿದ್ಧಾಂತವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಮೊದಲು ಅದರ ಹಿರಿಮೆಯನ್ನು ಒಪ್ಪಬೇಕು. ಪಾವ್ಲೊವ್ ಮನಶ್ಶಾಸ್ತ್ರಜ್ಞನಲ್ಲ, ಶರೀರಶಾಸ್ತ್ರಜ್ಞ. 1904ರಲ್ಲಿ ಅವನಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಅಧ್ಯಯನಕ್ಕೆ. ಆಹಾರ ಬಾಯಿಗೆ ಬೀಳುವ ಮೊದಲೇ ನಾಯಿಗಳು ಜೊಲ್ಲು ಸುರಿಸುವುದು ಬೇರೆಯವರಿಗೆ ಪ್ರಯೋಗ ಕೆಡಿಸುವ ಕಿರಿಕಿರಿ ಎನಿಸಬಹುದಿತ್ತು. ಅವನು ಅದನ್ನೇ ಹನಿಹನಿಯಾಗಿ ಅಳೆದ. 'ಮನಸ್ಸು' ಎಂಬ ಮಾತೆತ್ತದೆಯೇ ಕಲಿಕೆಯನ್ನು ಅಳೆಯಬಹುದೆಂದು ತೋರಿಸಿದ. ನನ್ನ ಮಗಳ ಕುಗ್ಗಿದ ಭುಜಕ್ಕೆ ಇದಕ್ಕಿಂತ ನೇರವಾದ ವಿವರಣೆ ನನಗೆ ಸಿಕ್ಕಿಲ್ಲ.

ತಕರಾರು ಶುರುವಾಗುವುದು ಅವನ ನಂತರದವರಿಂದ. 1920ರಲ್ಲಿ ಅಮೆರಿಕದ ವಾಟ್ಸನ್ ಮತ್ತು ರೇನರ್, ವರ್ಷ ತುಂಬದ ಆಲ್ಬರ್ಟ್ ಎಂಬ ಕೂಸು ಬಿಳಿ ಇಲಿಯನ್ನು ಮುಟ್ಟಲು ಹೋದಾಗಲೆಲ್ಲ ಅದರ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರು. ಕೂಸು ಇಲಿಗೇ ಹೆದರತೊಡಗಿತು. ಇದ್ದದ್ದು ಒಂದೇ ಮಗು, ಹೋಲಿಸಿ ನೋಡಲು ಇನ್ನೊಂದಿಲ್ಲ. ಕಲಿಸಿದ ಭಯವನ್ನು ಕಳೆಯಲೂ ಇಲ್ಲ. ನಮ್ಮ ಪಠ್ಯದಲ್ಲಿ ಇದಕ್ಕೆ 'ಪ್ರಯೋಗ' ಎಂಬ ಶೀರ್ಷಿಕೆಯಿತ್ತು. 'ತಪ್ಪು' ಎಂಬ ಪದ ಎಲ್ಲೂ ಇರಲಿಲ್ಲ.

ಇದಕ್ಕಿಂತ ಆಳದ ದೋಷ ಇನ್ನೊಂದಿದೆ. ಎರಡು ಸಂಗತಿಗಳನ್ನು ಪದೇ ಪದೇ ಜೊತೆಗೂಡಿಸಿದರೆ ಸಾಕು, ಅವು ಮನಸ್ಸಿನಲ್ಲಿ ಅಂಟಿಕೊಳ್ಳುತ್ತವೆ ಎಂದು ನಮಗೆ ಕಲಿಸಿದ್ದರು. 1966ರಲ್ಲಿ ಗಾರ್ಸಿಯಾ ಮತ್ತು ಕೋಲಿಂಗ್ ಇಲಿಗಳಿಗೆ ರುಚಿ, ಬೆಳಕು, ಸದ್ದು ಮೂರನ್ನೂ ಕೂಡಿಸಿ ನೀರು ಕೊಟ್ಟರು. ಕಾಯಿಲೆ ಬಿದ್ದ ಇಲಿಗಳು ರುಚಿಯನ್ನು ದೂರವಿಟ್ಟವು. ವಿದ್ಯುತ್ತಿನ ಹೊಡೆತ ತಿಂದವು ಬೆಳಕು, ಸದ್ದುಗಳನ್ನು ದೂರವಿಟ್ಟವು. ಯಾವುದಕ್ಕೆ ಯಾವುದು ಅಂಟಬೇಕೆಂಬುದರಲ್ಲಿ ಜೀವಿಗೂ ಒಂದು ಪಾಲಿದೆ ಎಂದಾಯಿತು. ಎರಡು ವರ್ಷದ ಬಳಿಕ ರೆಸ್ಕೋರ್ಲಾ ಇನ್ನೂ ಸೂಕ್ಷ್ಮವಾದುದನ್ನು ತೋರಿಸಿದ. ಸದ್ದು ಇದ್ದಾಗಲೂ ಇಲ್ಲದಾಗಲೂ ಹೊಡೆತದ ಸಂಭವ ಒಂದೇ ಆಗಿದ್ದರೆ, ಇಲಿಗಳು ಸದ್ದಿಗೆ ಹೆದರಲಿಲ್ಲ. ಸದ್ದು ಮತ್ತು ಹೊಡೆತ ಎಷ್ಟು ಸಲ ಕೂಡಿ ಬಂದವು ಎಂಬುದಲ್ಲ, ಸದ್ದು ಏನನ್ನು ಮುಂಚಿತವಾಗಿ ತಿಳಿಸುತ್ತದೆ ಎಂಬುದು ಮುಖ್ಯ.

ಇದನ್ನು ಓದಿದಾಗ ನನ್ನ ತಪ್ಪು ಬೇರೆಯೇ ರೂಪದಲ್ಲಿ ಕಂಡಿತು. ಕನ್ನಡದಲ್ಲಿ ಬೈದದ್ದಷ್ಟೇ ತಪ್ಪಲ್ಲ. ಬೈಗುಳ ಬಿಟ್ಟು ಇನ್ನೇನನ್ನೂ ಕನ್ನಡ ಹೇಳದಂತೆ ಮಾಡಿದ್ದೆ.

ಹಾಗೆಂದು ಇದು ಭಾಷೆ ಕಲಿಯುವ ಬಗೆಯನ್ನು ವಿವರಿಸುತ್ತದೆಯೇ? ಇಲ್ಲ. ಅದೇ ದಿನಗಳಲ್ಲಿ ಊರಿಗೆ ಮಾಡಿದ ಕರೆ ತಾಗದೆ ಹೋದಾಗ ಪುಟ್ಟಿ, "ಅಜ್ಜಿ ಫೋನು ನಿದ್ದೆ ಮಾಡ್ತಿದೆ" ಅಂದಳು. ಆ ವಾಕ್ಯವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಯಾವ ಗಂಟೆಯೂ ಅದನ್ನು ಹುಟ್ಟಿಸಲಾರದು. ಒಂದು ಭಾಷೆ ಕಿವಿಗೆ ಬಿದ್ದಾಗ ಮೈ ಏಕೆ ಬೆಚ್ಚಗಾಗುತ್ತದೆ ಅಥವಾ ಮುದುಡುತ್ತದೆ ಎಂಬಲ್ಲಿಗೆ ಅನುಬಂಧನದ ಸೀಮೆ ಮುಗಿಯುತ್ತದೆ. ಅದನ್ನು ನಿರೀಕ್ಷೆಯ ಸಿದ್ಧಾಂತ ಎಂದರೆ ಒಪ್ಪುತ್ತೇನೆ. ಕಲಿಕೆಯ ಸಿದ್ಧಾಂತ ಎನ್ನುವುದು ಬಾಗಿಲನ್ನೇ ಮನೆ ಎಂದಂತೆ. ಆದರೆ ಬಾಗಿಲು ಮುಚ್ಚಿದ್ದರೆ ಮನೆಯೊಳಗೆ ಹೋಗುವುದಾದರೂ ಹೇಗೆ? ಭಾನುವಾರದ ಕನ್ನಡ ತರಗತಿಗಳಲ್ಲಿ ಕಾಗುಣಿತ ತಿದ್ದಿಸುವ ನಾವು ಇದನ್ನು ಮರೆಯಬಾರದು.

ನಾನು ಬೈಯುವುದನ್ನು ನಿಲ್ಲಿಸಲಿಲ್ಲ, ಅದು ನನ್ನಿಂದ ಆಗದ ಕೆಲಸ. ದೋಸೆ ಹುಯ್ಯುವುದು, ಮೆಟ್ಟಿಲೆಣಿಸುವುದು, ಹರಟೆ, ಕ್ಷಮೆ ಕೇಳುವುದು ಎಲ್ಲವನ್ನೂ ಕನ್ನಡಕ್ಕೆ ತಂದೆ. ತಿಂಗಳುಗಳೇ ಹಿಡಿದವು. ಅಡಗಿಸಿದ ಪ್ರತಿಕ್ರಿಯೆ ಸ್ವಲ್ಪ ಬಿಡುವಿನ ನಂತರ ತಾನಾಗಿ ಮರಳುತ್ತದೆ, ಅಳಿದಿರುವುದಿಲ್ಲ ಎಂದು ಪಾವ್ಲೊವ್‌ನೇ ಕಂಡುಕೊಂಡಿದ್ದ. ಅದೂ ನಿಜ. ಮಗಳೀಗ ಹೈಸ್ಕೂಲಿನಲ್ಲಿದ್ದಾಳೆ. ಪೂರ್ತಿ ಹೆಸರು ಹಿಡಿದು ಕರೆದರೆ ಇಂದಿಗೂ ಆ ಭುಜ ಒಂದಿಷ್ಟು ಮೇಲೇಳುತ್ತದೆ.

"ಏನಮ್ಮ, ನಾನೇನ್ ಮಾಡ್ದೆ?" ಎನ್ನುತ್ತಾಳೆ, ಕನ್ನಡದಲ್ಲೇ.